ತಾಗದ ಕಾರಿನ ಪುಣ್ಯ

ವಿಲ್ಸನ್ ಗಾರ್ಡನ್ನಿನ ಒಂದು ಅಡ್ಡರಸ್ತೆ. ಎದುರುಬದುರು ಮನೆಗಳ ಮುಂದೆ ಒಂದೇ ಮಾದರಿಯ, ಒಂದೇ ವಯಸ್ಸಿನ ಎರಡು ಕಾರು. ಒಂದು ನಿವೃತ್ತ ಮೇಷ್ಟರದು, ಇನ್ನೊಂದು ಹಾರ್ಡ್‌ವೇರ್ ಅಂಗಡಿಯವರದು. ಹೆಸರು ಬೇಡ, ಇಂಥ ಜೋಡಿ ಲಕ್ಕಸಂದ್ರದಲ್ಲೂ ಸಿಗುತ್ತದೆ, ಜಯನಗರದಲ್ಲೂ ಸಿಗುತ್ತದೆ.

ಅಂಗಡಿಯವರಿಗೆ ಸದಾ ಅವಸರ. ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದ ಮೇಲೂ ನುಗ್ಗುತ್ತಾರೆ, ಒಂದು ಕೈಯಲ್ಲಿ ಫೋನು. ನೋಟಿಸುಗಳು ಮೊಬೈಲಿಗೆ ಬಂದು ಬೀಳುತ್ತವೆ. ಅವರು ಕಟ್ಟುವುದಿಲ್ಲ, ಕಾಯುತ್ತಾರೆ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು, 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಮತ್ತೆ ಕೊಟ್ಟಿತು. ಎರಡೂ ಸಲ ಅವರು ಅರ್ಧ ಕಟ್ಟಿ ಚುಕ್ತಾ ಮಾಡಿಕೊಂಡರು. ಕಾರು ಇದುವರೆಗೆ ಎಲ್ಲೂ ತಾಗಿಲ್ಲ. ಐದು ವರ್ಷ ಕ್ಲೇಮ್ ಇಲ್ಲವಾದ್ದರಿಂದ ವಿಮೆಯಲ್ಲೂ ಅರ್ಧ: 50% ನೋ ಕ್ಲೇಮ್ ಬೋನಸ್.

ಮೇಷ್ಟರು ಹಳದಿ ದೀಪಕ್ಕೇ ನಿಲ್ಲುವವರು. ಅವರಿಗೂ 50% ಬೋನಸ್ ಇತ್ತು. ಒಂದು ರಾತ್ರಿ ಗೇಟಿನ ಪಕ್ಕ ನಿಲ್ಲಿಸಿದ್ದ ಕಾರಿನ ಹಿಂಬಾಗಿಲನ್ನು ಯಾವುದೋ ಟೆಂಪೊ ಉಜ್ಜಿಕೊಂಡು ಹೋಯಿತು. ಉಜ್ಜಿದವನು ಸಿಗಲಿಲ್ಲ. ₹9,000 ಕ್ಲೇಮ್ ಪಡೆದರು. ರಿನ್ಯೂವಲ್ಲಿಗೆ ಬೋನಸ್ ಸೊನ್ನೆ.

"ಇದರಲ್ಲಿ ನನ್ನ ತಪ್ಪೇನಪ್ಪಾ?" ಎಂದು ಏಜೆಂಟನನ್ನು ಕೇಳಿದರು.

"ತಪ್ಪು ಯಾರದು ಅಂತ ನೋಡಲ್ಲ ಸಾರ್, ಕ್ಲೇಮ್ ಆಗಿದೆಯಾ ಅಂತಷ್ಟೇ ನೋಡೋದು."

ಲೆಕ್ಕ ಹಾಕಿ ನೋಡೋಣ. ಸ್ವಂತ ವಾಹನದ ಹಾನಿಯ ಪ್ರೀಮಿಯಂ ವರ್ಷಕ್ಕೆ ₹10,000 ಎಂದಿಟ್ಟುಕೊಳ್ಳಿ. ಬೋನಸ್ ಮತ್ತೆ 20, 25, 35, 45 ಎಂದು ಏರಿ 50 ಮುಟ್ಟುವಷ್ಟರಲ್ಲಿ ಮೇಷ್ಟರು ಹೆಚ್ಚುವರಿಯಾಗಿ ತೆರುವುದು ₹12,500. ಪಡೆದದ್ದಕ್ಕಿಂತ ಕೊಟ್ಟದ್ದೇ ಹೆಚ್ಚು. ಥರ್ಡ್ ಪಾರ್ಟಿ ಪ್ರೀಮಿಯಂ ಆದರೂ ಬೇರೆಯೇ? ಅದೂ ಇಲ್ಲ. 2022ರ ದರಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ ₹3,416. ಜೋಪಾನವಾಗಿ ಓಡಿಸುವವನಿಗೂ ಅಷ್ಟೇ, ಪುಂಡನಿಗೂ ಅಷ್ಟೇ.

ಈ ಲೋಪ ಯಾರಿಗೂ ಕಾಣದ್ದಲ್ಲ. ಬ್ರಿಟನ್ನಿನಲ್ಲಿ ಅಜಾಗರೂಕ ಚಾಲನೆಗೆ ಲೈಸೆನ್ಸಿನ ಮೇಲೆ 3ರಿಂದ 9 ಪಾಯಿಂಟ್ ಬೀಳುತ್ತದೆ, ವಿಮೆಯ ದರವೂ ಏರುತ್ತದೆ. ನಮ್ಮಲ್ಲೂ 2021ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು ಉಲ್ಲಂಘನೆಗೆ ತಕ್ಕ ಪ್ರೀಮಿಯಂ ಇರಲೆಂದು ಕರಡು ಮುಂದಿಟ್ಟಿತು. ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10. ಮೊದಲ ಪ್ರಯೋಗ ದೆಹಲಿಯಲ್ಲಿ ಎಂಬ ಸಲಹೆ. ಇದಕ್ಕೊಂದು ನ್ಯಾಯವಾದ ಆಕ್ಷೇಪವೂ ಉಂಟು. ಕ್ಯಾಮೆರಾ ಹಿಡಿಯುವುದು ನಂಬರ್ ಪ್ಲೇಟನ್ನು, ಓಡಿಸಿದವನನ್ನಲ್ಲ. ಅಂಗಡಿಯ ಹುಡುಗ ಸಿಗ್ನಲ್ ಹಾರಿದರೆ ಅಂಕ ಯಜಮಾನನ ತಲೆಗೆ. ಆದರೂ ಕಾರಿನ ಕೀಲಿ ಕೊಡುವವನು ಕೈಯನ್ನು ನೋಡಿ ಕೊಡಬೇಕು ಎನ್ನುವುದರಲ್ಲಿ ಅನ್ಯಾಯವೇನಿದೆ?

ವಿಮೆ ಕಣ್ಣು ಮುಚ್ಚಿಕೊಂಡರೂ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. 2014ರಲ್ಲಿ ಅರಸೀಕೆರೆ ಬಳಿ ಒಬ್ಬರು ಬೇರೆಯವರ ಕಾರು ಓಡಿಸುತ್ತಿದ್ದಾಗ ಪಲ್ಟಿಯಾಗಿ ತೀರಿಕೊಂಡರು. ಮನೆಯವರು ₹80 ಲಕ್ಷ ಪರಿಹಾರ ಕೇಳಿದರು. ಮೃತರ ವೇಗ, ಅಜಾಗರೂಕತೆಯೇ ಅಪಘಾತಕ್ಕೆ ಕಾರಣ, ಆದ್ದರಿಂದ ಪರಿಹಾರವಿಲ್ಲ ಎಂದಿತು ಕರ್ನಾಟಕ ಹೈಕೋರ್ಟ್. 2025ರ ಜುಲೈ 2ರಂದು ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಹೋದವರು ಹೋದರು, ಕೋರ್ಟು ಕಚೇರಿ ಅಲೆದವರು ಉಳಿದವರು.

ತಾಗದೆ ಉಳಿಯುವುದು ಅದೃಷ್ಟ; ತಾಗದಂತೆ ಓಡಿಸುವುದು ಗುಣ. ನಮ್ಮ ವಿಮೆ ಇವೆರಡಕ್ಕೂ ಒಂದೇ ಬೋನಸ್ ಕೊಡುತ್ತದೆ, ಸರ್ಕಾರ ಅದರ ಮೇಲೆ ದಂಡದ ರಿಯಾಯಿತಿಯನ್ನೂ ಸೇರಿಸುತ್ತದೆ. ದಂಡ ಕಾದು ಕಟ್ಟುವವನಿಗೆ ಅರ್ಧ, ತಕ್ಷಣ ಕಟ್ಟಿದವನಿಗೆ ಪೂರ್ತಿ ಎಂಬ ಪದ್ಧತಿ ಮೊದಲು ನಿಲ್ಲಬೇಕು. ಅಂಗಡಿಯವರಂಥವರಿಗೆ ಒಂದೇ ಮಾತು: ಅಗ್ಗದ ಪ್ರೀಮಿಯಂ ನಿಮ್ಮ ನಡತೆಯ ಸರ್ಟಿಫಿಕೇಟಲ್ಲ. ಕೆಂಪು ಬಿದ್ದರೆ ನಿಲ್ಲಿ.