ಎಸೆಯುವ ಮುನ್ನ, ಎತ್ತುವ ಕೈಯನ್ನು ನೆನೆಯೋಣ

ಇಂದಿನ ಧಮ್ಮ ಚಿಂತನೆ



ನಾನು ಕಸದ ಚೀಲಕ್ಕೆ ಹಾಕಿದ ಸೂಜಿ ಪೌರಕಾರ್ಮಿಕರೊಬ್ಬರ ಬೆರಳಿಗೆ ಚುಚ್ಚಿದರೆ, ನೋಯಿಸಿದವರು ಯಾರು? ಅವರನ್ನು ನೋಯಿಸುವ ಉದ್ದೇಶ ನನಗಿರಲಿಲ್ಲ. ಉದ್ದೇಶವಿದ್ದರೇ ಅದು ಕಮ್ಮ ಎಂದು ಬಳಗದಲ್ಲಿ ಓದಿದ್ದೇವೆ. ಹಾಗಾದರೆ ನನಗೆ ಹೊಣೆಯಿಲ್ಲವೇ?

ಮಜ್ಝಿಮ ನಿಕಾಯದ ಧಮ್ಮದಾಯಾದ ಸುತ್ತದಲ್ಲಿ ಬುದ್ಧರು ಒಂದು ಉದಾಹರಣೆ ಕೊಡುತ್ತಾರೆ. ತಮ್ಮ ಊಟ ಮುಗಿದು ಭಿಕ್ಷೆಯ ಅನ್ನ ಉಳಿದಿದೆ ಎಂದುಕೊಳ್ಳಿ. ಯಾರೂ ಉಣ್ಣದಿದ್ದರೆ ಅದನ್ನು ಚೆಲ್ಲುವುದು ಹಸಿರಿಲ್ಲದ ನೆಲಕ್ಕೆ, ಇಲ್ಲವೇ ಜೀವಿಗಳಿಲ್ಲದ ನೀರಿಗೆ. ಅನ್ನ ವಿಷವಲ್ಲ. ಆದರೂ ಅದು ಬೀಳುವ ಜಾಗದಲ್ಲಿ ಯಾವ ಜೀವ ಇದೆ ಎಂದು ಮೊದಲು ನೋಡಬೇಕು. ಈ ಎಚ್ಚರವೇ ಅಪ್ಪಮಾದ. ಸೂಜಿ ಚುಚ್ಚುತ್ತದೆ ಎಂದು ನನಗೆ ಗೊತ್ತು, ಚೀಲಕ್ಕೆ ಕೈಹಾಕುವವರಿದ್ದಾರೆ ಎಂದೂ ಗೊತ್ತು. ಎರಡೂ ಗೊತ್ತಿದ್ದು 'ಇರಲಿ ಬಿಡು' ಅಂದರೆ, ಅದೂ ಒಂದು ಉದ್ದೇಶವೇ.

ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಕರ್ನಾಟಕದ ಪೌರಕಾರ್ಮಿಕರಲ್ಲಿ ಹೆಚ್ಚಿನವರು ಯಾವ ಕೇರಿಯಿಂದ ಬಂದವರು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರಾಜಗೃಹದಲ್ಲಿ ಕಸ ಗುಡಿಸುತ್ತಿದ್ದ ಸುನೀತನನ್ನು ಭಗವಾನರು ಸಂಘಕ್ಕೆ ಸೇರಿಸಿಕೊಂಡ ಪ್ರಸಂಗವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬರೆದಿದ್ದಾರೆ. ಅದನ್ನು ಓದಿ ಕಣ್ಣೀರು ತಂದುಕೊಳ್ಳುವ ನಾವು, ಬೆಳಗ್ಗೆ ಬಾಗಿಲಿಗೆ ಬರುವ ಅಕ್ಕನ ಕೈಗೆ ಒಡೆದ ಗಾಜು ಕೊಡಬಹುದೇ? ನಮ್ಮಲ್ಲಿ ಹಲವರು ಪೊರಕೆ ಹಿಡಿದವರ ಮಕ್ಕಳು, ಮೊಮ್ಮಕ್ಕಳು. ಓದಿ, ನೌಕರಿ ಹಿಡಿದು, ಬಡಾವಣೆಗೆ ಬಂದ ಮೇಲೆ 'ಯಾರೋ ಎತ್ಕೊಂಡು ಹೋಗ್ತಾರೆ' ಎಂಬ ಮಾತು ನಮ್ಮ ಬಾಯಿಗೂ ಬಂದರೆ, ಆ 'ಯಾರೋ' ಎಂಬ ಪದದೊಳಗೆ ಜಾತಿ ಇನ್ನೂ ಕೂತಿದೆ ಎಂದೇ ಅರ್ಥ.

ಕೈಗವಸು, ಬೂಟು ಕೊಡುವುದು ಸರ್ಕಾರದ, ಗುತ್ತಿಗೆದಾರರ ಕೆಲಸ ಎನ್ನಬಹುದು. ನಿಜ, ಅದನ್ನು ಕೇಳಲೇಬೇಕು. ಆದರೆ ಬಟ್ಟೆಯ ಗವಸು ಸೂಜಿಯನ್ನು ತಡೆಯುವುದಿಲ್ಲ.

ನಮ್ಮ ಮನೆಯಲ್ಲಿ ಅತ್ತೆಯವರಿಗೆ ಇನ್ಸುಲಿನ್ ಇದೆ. ಬಳಸಿದ ಸೂಜಿಗಳು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಬೀಳುತ್ತವೆ. ಡಬ್ಬಿ ತುಂಬುವ ಮೊದಲೇ ಮುಚ್ಚಳ ಬಿಗಿದು, ಟೇಪ್ ಸುತ್ತಿ, ಮೇಲೆ 'ಸೂಜಿ' ಎಂದು ಬರೆದು, ಹೇಳಿ ಕೊಡುತ್ತೇವೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ, ಪ್ಯಾಡ್, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಬೇರೆ ಕೊಡಬೇಕು. ಸಿಎಫ್‌ಎಲ್, ಹಳೆಯ ಟ್ಯೂಬ್‌ಲೈಟ್‌ಗಳಲ್ಲಿ ಪಾದರಸವಿದೆ, ಒಡೆಯದಂತೆ ಇಡಬೇಕು. ಬ್ಯಾಟರಿ, ಅವಧಿ ಮೀರಿದ ಮಾತ್ರೆ, ಕೀಟನಾಶಕದ ಡಬ್ಬಿಗಳೂ ಬೇರೆಯೇ ಇರಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥವುಗಳಿಗಾಗಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ತೆರೆಯುವಂತೆ ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ನಮ್ಮೂರಿನಲ್ಲಿ ಅದೆಲ್ಲಿದೆ ಎಂದು ಹೋಗಿ ಕೇಳುವುದೂ ಧಮ್ಮದ ಕೆಲಸವೇ.

ಇದಕ್ಕಿಂತ ಮುಂಚಿನ ಎಚ್ಚರ ಅಂಗಡಿಯಲ್ಲಿ ಬೇಕು. ಎಲ್‌ಇಡಿ ಬಲ್ಬಿನಲ್ಲಿ ಪಾದರಸವಿಲ್ಲ. ಸೋಪಿನ ನೀರು, ಬ್ರಷ್ಷು ಸಾಕಾಗುವ ಕಡೆ ಆಸಿಡ್ ಬೇಡ. ಮನೆಗೆ ಬಾರದ ವಿಷವನ್ನು ಯಾರೂ ಹೊರಬೇಕಾಗಿಲ್ಲ.

ಪಾಣಾತಿಪಾತದಿಂದ ದೂರವಿರುತ್ತೇನೆ ಎಂದು ಪ್ರತಿ ವಂದನೆಯಲ್ಲೂ ಹೇಳುತ್ತೇವೆ. ಆ ಶೀಲ ಕಸದ ಡಬ್ಬಿಯವರೆಗೂ ಹೋಗಲಿ.

ಇಂದಿನ ಅಭ್ಯಾಸ: ಮನೆಯಲ್ಲಿ ಒಂದು ಗಟ್ಟಿ ಡಬ್ಬಿಯನ್ನು ಸೂಜಿ, ಬ್ಲೇಡುಗಳಿಗೆಂದೇ ಇಡಿ. ನಾಳೆ ಕಸ ಒಯ್ಯಲು ಬರುವವರ ಹೆಸರು ಕೇಳಿ ತಿಳಿದುಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.