ಹಿಡಿ ಅಕ್ಕಿ

ಅಜ್ಜಿ ಕುಡ್ತೆಯಲ್ಲಿ ಕುಚ್ಚಲಕ್ಕಿ ಅಳೆದು ಗೆರಸೆಗೆ ಸುರಿದು, ಕಲ್ಲು ಆರಿಸಿ, ತೊಳೆಯುವ ಮೊದಲು ಒಂದು ಹಿಡಿ ತೆಗೆದು ಗೂಡಿನಲ್ಲಿದ್ದ ಬಿಸ್ಕೇಟು ಡಬ್ಬಕ್ಕೆ ಹಾಕುತ್ತಿದ್ದರು. ದಿನಕ್ಕೆ ಎರಡು ಸಲ. ನಮ್ಮದು ಉಡುಪಿ ಕಡೆಯ ಸಭೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಬೇರಿನದು. ಡಬ್ಬದ ಅಕ್ಕಿ ಭಾನುವಾರ ಚೀಲದಲ್ಲಿ ಆರಾಧನೆಗೆ ಹೋಗುತ್ತಿತ್ತು. ಅದಕ್ಕೊಂದು ಲೆಕ್ಕದ ಪುಸ್ತಕ ಇರಲಿಲ್ಲ. ಎಷ್ಟು ತಂದಿರಿ ಎಂದು ಸಭಾಪಾಲಕರೂ ಕೇಳುತ್ತಿರಲಿಲ್ಲ.

ಆಟಿ ತಿಂಗಳು ಬಂತೆಂದರೆ ನನ್ನ ಕಣ್ಣು ಅಜ್ಜಿಯ ಮುಷ್ಟಿಯ ಮೇಲೇ. ಹೊರಗೆ ಬಿಡದ ಮಳೆ, ಅಪ್ಪನಿಗೆ ಕೆಲಸವಿಲ್ಲ, ಕೊನೆಯ ಅಕ್ಕಿ ಮುಡಿಯೂ ಬಿಚ್ಚಿ ಮುಗಿಯುತ್ತ ಬಂದಿದೆ, ಪದಾರ್ಥಕ್ಕೆ ಹಲಸಿನ ಬೀಜ, ಇಲ್ಲವಾದರೆ ತಗತೆ ಸೊಪ್ಪು. ಆರು ಕುಡ್ತೆ ಅಳೆಯುತ್ತಿದ್ದಲ್ಲಿ ಮೂರು. ಇವತ್ತಾದರೂ ಆ ಬೆರಳುಗಳು ಒಂಚೂರು ಬಿಗಿದಾವು, ಹಿಡಿ ಸಣ್ಣದಾದೀತು ಎಂದು ಕಾಯುತ್ತಿದ್ದೆ. ಒಂದು ದಿನ ಹೇಳಿಯೇ ಬಿಟ್ಟೆ: ‘ಅಜ್ಜೀ, ಸ್ವಲ್ಪ ಕಮ್ಮಿ ಹಾಕಿ.’

‘ಹಿಡಿ ಅಂದ್ರೆ ಹಿಡಿ ಅಲ್ವಾ ಮಗಾ?’ ಎಂದರು. ನನ್ನತ್ತ ತಿರುಗಿಯೂ ನೋಡಲಿಲ್ಲ.

ಸಂಡೆ ಸ್ಕೂಲಿನಲ್ಲಿ ಚಾರೆಪ್ತದ ವಿಧವೆಯ ಕಥೆ ಹೇಳಿದ್ದು ಅದೇ ಮಳೆಗಾಲ ಇರಬೇಕು. ಬರಗಾಲ. ಮಡಕೆಯಲ್ಲಿ ಉಳಿದಿದ್ದು ಒಂದು ಹಿಡಿ ಹಿಟ್ಟು. ಪ್ರವಾದಿ ಎಲೀಯನು ಬಂದು, ಮೊದಲು ನನಗೊಂದು ರೊಟ್ಟಿ ಮಾಡು ಅನ್ನುತ್ತಾನೆ! ಮನೆಯಲ್ಲಿ ಹಸಿದ ಮಗನಿರುವಾಗ ಇದೆಂಥ ನ್ಯಾಯ ಎಂದು ನನಗೆ ಆ ಪ್ರವಾದಿಯ ಮೇಲೆ ಬಹಳ ಕಾಲ ಸಿಟ್ಟಿತ್ತು. ಕಥೆಯ ಮಡಕೆ ಬರಿದಾಗಲಿಲ್ಲ, ಸರಿ. ನಮ್ಮ ಅಜ್ಜಿಯ ಮಡಕೆ ಎಷ್ಟೋ ಸಲ ಬರಿದಾಗಿದೆ. ಹಿಡಿ ಹಾಕಿದ ಮೇಲೂ ಬರಿದಾಗಿದೆ. ಪವಾಡವೊಂದು ನಡೆದಿದ್ದರೆ ನನಗೆ ಇಷ್ಟು ಸೋಜಿಗ ಆಗುತ್ತಿರಲಿಲ್ಲವೇನೋ.

ನೀತಿವಂತರ ಬಾಳಿನ ಕುರಿತು ಬೇಕಾದಷ್ಟು ಪ್ರಸಂಗ ಕೇಳಿದ್ದೇನೆ. (ನಮ್ಮ ಕಡೆ ಪ್ರಸಂಗ ಎಂದರೆ ಯಕ್ಷಗಾನದ್ದೂ ಹೌದು, ಸಭೆಯ ಕೆಲವು ಪ್ರಸಂಗಗಳೂ ಅಷ್ಟೇ ಉದ್ದ.) ಅವುಗಳಲ್ಲಿ ಸಿಂಹದ ಗವಿಯ ದಾನಿಯೇಲನಿರುತ್ತಾನೆ, ಕಲ್ಲೇಟು ತಿಂದು ಸತ್ತ ಸ್ತೆಫನನಿರುತ್ತಾನೆ. ಅಡುಗೆಮನೆಯ ಕತ್ತಲಲ್ಲಿ, ಯಾರೂ ನೋಡದಿರುವಾಗ ಸಣ್ಣದಾಗದ ಮುಷ್ಟಿಯೊಂದು ಇರುವುದಿಲ್ಲ.

ಸತ್ಯವೇದದ ಕನ್ನಡದಲ್ಲಿ ‘ನಂಬಿಗಸ್ತ’ ಎಂಬ ಮಾತಿದೆ. ಅದರ ಅನುವಾದಕ್ಕೆ ಕೈಹಚ್ಚಿದ ಮಿಶನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ಆ ಮೇಲೆ ಎಷ್ಟು ಕೈ ಅದನ್ನು ತಿದ್ದಿದವೋ. ದೇವರನ್ನು ನಂಬುವುದಕ್ಕೂ, ಇನ್ನೊಬ್ಬರು ನಂಬಿ ಕೈಯಲ್ಲಿ ಕೊಟ್ಟದ್ದನ್ನು ಜೋಪಾನ ಮಾಡುವುದಕ್ಕೂ ನಮ್ಮಲ್ಲಿ ಬೇರು ಒಂದೇ: ನಂಬು. ಗ್ರೀಕಿನಲ್ಲೂ ಹಾಗೆಯೇ ಎಂದು ಓದಿದಾಗ ಖುಷಿಯಾಯಿತು. ಹೀಬ್ರೂವಿನದು ಇನ್ನೂ ಚಂದ. ಅಮಾಲೇಕ್ಯರ ಜೊತೆ ಯುದ್ಧ ನಡೆದಾಗ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿದ್ದ. ಕೈ ಸೋತಿತು. ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂರಿಸಿ ಆಚೆಗೊಬ್ಬ ಈಚೆಗೊಬ್ಬ ಕೈಗೆ ಆಸರೆ ಕೊಟ್ಟರು. ಹೊತ್ತು ಮುಳುಗುವ ತನಕ ಆ ಕೈಗಳು ಅಲುಗಲಿಲ್ಲ. ಅಲ್ಲಿ, ಅಲುಗದ ಕೈಗೆ ಬಳಸಿದ ಪದ ಎಮೂನಾ. ನಂಬಿಗಸ್ತಿಕೆಗೂ ಅದೇ ಪದ. ನಾವು ಪ್ರಾರ್ಥನೆ ಮುಗಿಸಿ ಹೇಳುವ ಆಮೆನ್ ಹುಟ್ಟಿದ್ದೂ ಅದೇ ಬೇರಿನಿಂದ.

ಹಾಗಾದರೆ ಅಜ್ಜಿಯ ಕೈಗೆ ಆಸರೆ ಕೊಟ್ಟವರು ಯಾರು? ಅಜ್ಜ ಬೇಗ ತೀರಿಕೊಂಡಿದ್ದರು. ಹೂರನೆಂಬವನು ಆ ಅಡುಗೆಮನೆಗೆ ಬಂದದ್ದು ನಾನಂತೂ ಕಂಡಿಲ್ಲ.

ಸಭೆಯಲ್ಲಿ ಎಲ್ಲರ ಅಕ್ಕಿಯನ್ನೂ ಒಂದೇ ಗೋಣಿಗೆ ಸುರಿಯುತ್ತಿದ್ದರು. ಕುಚ್ಚಲು, ಬೆಳ್ತಿಗೆ, ಕೆಂಪು, ನುಚ್ಚು, ಎಲ್ಲ ಕಲಸುಮೇಲೋಗರ. ಆರಾಧನೆ ಮುಗಿದ ಮೇಲೆ ಅಗ್ಗದ ಕ್ರಯಕ್ಕೆ ಮಾರಾಟ. ಬಂದ ಹಣ ಸ್ತ್ರೀಯರ ಕೂಟದ ಕೆಲಸಕ್ಕೆ. ಆ ಅಕ್ಕಿ ಹದವಾಗಿ ಬೇಯುವುದೇ ಇಲ್ಲ. ಬೆಳ್ತಿಗೆ ಕರಗಿ ಗಂಜಿಯಾಗುವಾಗ ಕುಚ್ಚಲು ಇನ್ನೂ ಹಲ್ಲಿಗೆ ತಾಗುತ್ತದೆ.

ಆ ಆಟಿಯಲ್ಲಿ ಅದನ್ನು ಕೊಂಡವರಲ್ಲಿ ನಾವೂ ಇದ್ದೆವು. ಮನೆಗೆ ಬಂದು ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡು, ಮೂರು ಕುಡ್ತೆ ಗೆರಸೆಗೆ ಸುರಿದು ಕಲ್ಲು ಆರಿಸಿದರು. ಮತ್ತೆ ಅದರಿಂದಲೇ ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕಿದರು.