ಬಣ್ಣದ ಕೆಳಗಿನ ಬಿರುಕು

ಹಿರೇಗುಂಟನೂರಿನ ನನ್ನ ತವರುಮನೆಯ ಹಿತ್ತಿಲಲ್ಲಿ, ಹುಣಸೆಮರದ ಕೆಳಗೆ, ಈಗ ಒಂದು ಹಳೆಯ ಜೀಪು ನಿಂತಿದೆ. ಮೊದಲು ಅಲ್ಲಿ ಅಣ್ಣನ ಎತ್ತಿನ ಗಾಡಿ ನಿಲ್ಲುತ್ತಿತ್ತು. ಗಾಡಿ ಹೋಗಿ ಎಷ್ಟೋ ವರ್ಷವಾಯಿತು. ಜಾಗ ಖಾಲಿಯಿದೆಯಲ್ಲ ಎಂದು ನನ್ನ ಮಗ, ಮಲೆನಾಡಿನ ಕಾಫಿ ತೋಟದಲ್ಲಿ ದುಡಿದು ಹಣ್ಣಾದ ಈ ಮಹೀಂದ್ರ ಜೀಪನ್ನು ಕೊಂಡು ತಂದ.

"ಇಷ್ಟು ದುಡ್ಡು ಸುರಿದು ಗುಜರಿ ತಂದೆಯಲ್ಲೋ" ಎಂದೆ.

"ಇದನ್ನ ಬಂಡೆ ಹತ್ತಿಸ್ತೀನಿ, ನೋಡ್ತಿರಮ್ಮ" ಎಂದ.

ಬಂಡೆ ಹತ್ತಿಸುವುದೆಂದರೆ ಧಡಧಡನೆ ನುಗ್ಗುವ ಸರ್ಕಸ್ಸು ಎಂದುಕೊಂಡಿದ್ದೆ. ಹಾಗಲ್ಲವಂತೆ. ನಾಲ್ಕೂ ಚಕ್ರಕ್ಕೆ ಬಲ ಹಂಚುವ ಲೋ ಗೇರಿನಲ್ಲಿ, ನಾವು ನಡೆಯುವುದಕ್ಕಿಂತ ನಿಧಾನವಾಗಿ, ಹಲ್ಲಿ ಗೋಡೆ ಹತ್ತಿದ ಹಾಗೆ ಹತ್ತಬೇಕು. ಟೈರಿನ ಗಾಳಿಯನ್ನೂ ಇಳಿಸುತ್ತಾರೆ. ಮೆತ್ತಗಾದ ಟೈರು ಬಂಡೆಯನ್ನು ತಬ್ಬಿ ಹಿಡಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರುಬಿಕಾನ್ ಎಂಬ ಕಲ್ಲುದಾರಿಯಲ್ಲಿ 1953ರಿಂದಲೂ ಜನ ಗುಂಪು ಕಟ್ಟಿಕೊಂಡು ಜೀಪಿನಲ್ಲಿ ಹೋಗುತ್ತಾರೆ. ಈಗೀಗ ಇದಕ್ಕೆಂದೇ ಪೈಪುಗಳ ಪಂಜರದಂಥ ಬಗ್ಗಿ ಗಾಡಿಗಳನ್ನು ಕಟ್ಟುವುದೂ ಉಂಟು. ನಮ್ಮಂಥವರಿಗೆ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕೆಸರು ತುಳಿದು ಪಳಗಿದ ಜೀಪುಗಳೇ ಗತಿ. ಬಂಡೆಗೆ ಮಾತ್ರ ದುರ್ಗದ ಸೀಮೆಯಲ್ಲಿ ಬರವಿಲ್ಲ.

ಗಾಡಿಯ ಮೂಲರೂಪವನ್ನು ಮನಬಂದಂತೆ ಬದಲಿಸಕೂಡದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಹಾಗಾಗಿ ಆಕಾರ ಕೆಡಿಸದೆ ಒಳಗಿನದನ್ನೆಲ್ಲ ಬಿಚ್ಚಿ ಗಟ್ಟಿ ಮಾಡುವುದೆಂದು ಮಾವ ಅಳಿಯ ಸೇರಿ ತೀರ್ಮಾನಿಸಿದರು. ಅತ್ತಿಗೆಯ ಉಪ್ಪಿನಕಾಯಿ ಡಬ್ಬಿಗಳಲ್ಲೆಲ್ಲ ನಟ್ಟು ಬೋಲ್ಟು ತುಂಬಿದವು. ಸೀಟು ಬಂತು, ಬಾನೆಟ್ಟು ಬಂತು, ಕೊನೆಗೆ ಮೈಯನ್ನೇ ಎತ್ತಿ ಪಕ್ಕಕ್ಕಿಟ್ಟಾಗ ಉಳಿದದ್ದು ಚಾಸಿ. ಏಣಿಯ ಹಾಗೆ ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಜೀಪಿನ ಬೆನ್ನುಮೂಳೆ ಎಂದರೆ ಅದೇ. ಬಂಡೆಯ ಮೇಲೆ ಒಂದು ಚಕ್ರ ಏರಿ ಇನ್ನೊಂದು ಇಳಿದಾಗ, ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳಬೇಕಾದದ್ದೂ ಅದೇ.

ಮುಂದಿನ ಸ್ಪ್ರಿಂಗು ಕೂರುವ ಕಡೆ ಬಣ್ಣ ಕೆರೆಯುತ್ತಿದ್ದಾಗ ದಪ್ಪನೆಯ ಪುಟ್ಟಿಯೊಂದು ಚಕ್ಕೆ ಎದ್ದು ಬಿತ್ತು. ಅದರ ಕೆಳಗೆ ಬೆರಳುದ್ದದ ಬಿರುಕು. ಯಾರೋ ಅವಸರಕ್ಕೆ ನಾಲ್ಕು ಚುಕ್ಕಿ ವೆಲ್ಡಿಂಗ್ ಇಟ್ಟು, ಪುಟ್ಟಿ ಮೆತ್ತಿ, ಮೇಲೆ ಕರಿಬಣ್ಣ ಬಳಿದಿದ್ದರು. ಮಾರಿದವರು ಇದರ ಸುದ್ದಿಯನ್ನೇ ಎತ್ತಿರಲಿಲ್ಲ.

ಸರಿಯಾಗಿ ರಿಪೇರಿ ಮಾಡಬೇಕಾದರೆ ಎಂಜಿನ್ನು ಇಳಿಸಬೇಕು, ಇನ್ನಷ್ಟು ದುಡ್ಡು ಬೇಕು. ಮಗನ ಕೈ ಆಗಲೇ ಬರಿದಾಗಿತ್ತು. ಅಷ್ಟರಲ್ಲಿ ದಾವಣಗೆರೆಯ ಹುಡುಗನೊಬ್ಬ, ಕೊಡುವುದಾದರೆ ನಾನೇ ತಗೊಳ್ತೀನಿ ಎಂದು ಫೋನು ಮಾಡಿದ್ದ. ಮಗ ವೆಲ್ಡಿಂಗ್ ಮೇಸ್ತ್ರಿಗೆ ಹೇಳಿದ: "ಮತ್ತೆ ಪುಟ್ಟಿ ಹಾಕಿ ಬಣ್ಣ ಹೊಡೆದುಬಿಡಿ. ನಮಗೇನು ಅವರು ಹೇಳಿದ್ರಾ, ನಾವು ಹೇಳೋಕೆ?"

ಮೇಸ್ತ್ರಿ ನನ್ನ ಕಡೆ ತಿರುಗಿದರು. "ನೀವೇನಂತೀರಕ್ಕಾ?"

ಇದು ಹೊಸ ಪ್ರಶ್ನೆಯೇನಲ್ಲ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗೆಂದು ಕರ್ತವ್ಯಗಳ ವಿಚಾರವಾಗಿ ಒಂದು ಪುಸ್ತಕ ಬರೆದ. ಅದರಲ್ಲಿ ಒಬ್ಬ ಮನೆ ಮಾರುತ್ತಾನೆ. ಮನೆಯ ಮರಮುಟ್ಟು ಕೆಟ್ಟಿದೆ, ಕೋಣೆಗಳಲ್ಲಿ ಹಾವು ಬರುತ್ತದೆ. ಇದು ಮಾರುವವನಿಗೊಬ್ಬನಿಗೇ ಗೊತ್ತು. ಹೇಳಬೇಕೋ ಬೇಡವೋ? ಕೊಳ್ಳೆಂದು ಯಾರೂ ಬಲವಂತ ಮಾಡಲಿಲ್ಲವಲ್ಲ ಎನ್ನುತ್ತಾನೆ ಒಬ್ಬ ತತ್ತ್ವಜ್ಞಾನಿ. ದಾರಿ ತಪ್ಪಿದವನಿಗೆ ದಾರಿ ತೋರಿಸದೆ ಸುಮ್ಮನಿದ್ದಂತೆ ಇದೂ ತಪ್ಪು ಎನ್ನುತ್ತಾನೆ ಇನ್ನೊಬ್ಬ. ಹೇಳಲೇಬೇಕಿತ್ತು ಎಂಬುದು ಸಿಸೆರೊನ ತೀರ್ಪು. ನಮ್ಮ 1872ರ ಕರಾರು ಕಾಯಿದೆ ಇಷ್ಟು ದೂರ ಹೋಗುವುದಿಲ್ಲ. ಬರೀ ಸುಮ್ಮನಿರುವುದನ್ನು ಅದು ಸಾಮಾನ್ಯವಾಗಿ ವಂಚನೆ ಎನ್ನುವುದಿಲ್ಲ. ಗೊತ್ತಿದ್ದೂ ಬೇಕೆಂದೇ ಮರೆಮಾಚಿದರೆ ವಂಚನೆ ಎನ್ನುತ್ತದೆ. ಬಾಯಿ ಮುಚ್ಚುವುದಕ್ಕೂ ಪುಟ್ಟಿ ಮೆತ್ತುವುದಕ್ಕೂ ವ್ಯತ್ಯಾಸವಿದೆ ಎಂದಾಯಿತು.

ಆದರೆ ಆ ಹೊತ್ತು ನನಗೆ ಸಿಸೆರೊನೂ ನೆನಪಾಗಲಿಲ್ಲ, ಕಾಯಿದೆಯೂ ನೆನಪಾಗಲಿಲ್ಲ. ನೆನಪಾದದ್ದು ನನ್ನ ಎಡಗೈ.

ಹತ್ತು ವರ್ಷದವಳಿದ್ದಾಗ ಇದೇ ಹುಣಸೆಮರದಿಂದ ಬಿದ್ದು ಮೊಣಕೈ ಮುರಿದುಕೊಂಡೆ. ನಾಟಿ ವೈದ್ಯರು ಕಟ್ಟು ಕಟ್ಟಿದರು, ಮೂಳೆ ಕೂಡಿತು, ಆದರೆ ಕೈ ಪೂರ್ತಿ ನೀಳವಾಗಲಿಲ್ಲ. ಹೆಣ್ಣು ನೋಡಲು ಬಂದ ದಿನ ಅವ್ವ ತುಂಬುತೋಳಿನ ರವಿಕೆ ಹೊಲಿಸಿ ತೊಡಿಸಿದಳು. "ಕೈ ಮಡಚಿಕೊಂಡೇ ಕೂತಿರು" ಎಂದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿ ಯಾವುದಿದೆ? ಅವ್ವ ಸುಳ್ಳನ್ನೂ ಹೇಳಲಿಲ್ಲ, ತೋಳು ಉದ್ದ ಮಾಡಿಸಿದಳು, ಅಷ್ಟೆ.

ಹೊಳಲ್ಕೆರೆಯ ಅತ್ತೆಮನೆಯಲ್ಲಿ ಸೇದೋ ಬಾವಿಯಿತ್ತು. ಮೂರನೆಯ ದಿನಕ್ಕೇ ಗೊತ್ತಾಯಿತು. ಅತ್ತೆ ಕೂಗಾಡಲಿಲ್ಲ. ಬಂದ ನೆಂಟರ ಮುಂದೆ, "ನಮ್ಮ ಹಣೇಲಿ ಬರೆದದ್ದು" ಎನ್ನುತ್ತಿದ್ದರು. ಅದನ್ನು ಎಷ್ಟು ವರ್ಷ ಕೇಳಿದೆನೋ ಲೆಕ್ಕವಿಲ್ಲ. ನಮ್ಮ ಮನೆಯವರು ಒಮ್ಮೆ ಮಾತ್ರ ಮಾತೆತ್ತಿದರು. "ಕೈ ನೋಡಿ ನನಗೇನೂ ಬೇಜಾರಿಲ್ಲ. ಒಂದು ಮಾತು ಹೇಳಲಿಲ್ಲವಲ್ಲ." ಆ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಮರೆಮಾಚಿದವಳು ಅವ್ವ. ಅದರ ಸಾಲ ತೀರಿಸಿದವಳು ನಾನು.

ಮಗನಿಗೆ ಇದನ್ನೆಲ್ಲ ಯಾವತ್ತೂ ಹೇಳಿರಲಿಲ್ಲ. ಅಂದು ಮರದ ಕೆಳಗೆ ಕೂತು ಹೇಳಿದೆ. "ಬಿರುಕು ಬಿಟ್ಟಿದ್ದು ಜೀಪಿನ ತಪ್ಪಲ್ಲಪ್ಪ, ಬೆಸುಗೆ ಹಾಕಿಸಿಕೊಂಡಿದ್ದೂ ತಪ್ಪಲ್ಲ. ಮೇಲೆ ಬಳಿದ ಬಣ್ಣ ನೋಡು, ಅದು ತಪ್ಪು. ನೀನು ಮತ್ತೆ ಬಳಿದರೆ ಬಂಡೆ ಮೇಲೆ ಸಾಲ ತೀರಿಸೋನು ಆ ದಾವಣಗೆರೆ ಹುಡುಗ."

ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಆಮೇಲೆ ಎದ್ದು ಹೋಗಿ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದ. ಆ ಹುಡುಗ, "ಯೋಚನೆ ಮಾಡಿ ಹೇಳ್ತೀನಣ್ಣ" ಎಂದವನು ಮತ್ತೆ ಫೋನು ಮಾಡಲಿಲ್ಲ.

ನಿಜ ಹೇಳಿದವರಿಗೆ ಒಳ್ಳೆಯದೇ ಆಗುತ್ತದೆ ಎಂದು ನಾನು ಬರೆಯಲಾರೆ. ನಮಗೆ ಗಿರಾಕಿ ತಪ್ಪಿದ. ಅವ್ವ ನಿಜ ಹೇಳಿದ್ದರೆ ನನಗೆ ಈ ಗಂಡ, ಈ ಮಗ ಸಿಗುತ್ತಿದ್ದರೋ ಇಲ್ಲವೋ. ಹೆತ್ತ ಹೊಟ್ಟೆಯ ಸಂಕಟಕ್ಕೆ ಹಾಗೆ ಮಾಡಿದವಳನ್ನು ದೂರಲು ಬಾಯಿ ಬರುವುದಿಲ್ಲ. ಆದರೂ ನನ್ನ ಮದುವೆಯ ಮಾತುಕತೆಯಲ್ಲಿ ನನ್ನ ಕೈಯ ವಿಚಾರ ಹೇಳುವ ಹಕ್ಕು ನನಗಿತ್ತಲ್ಲ, ಆ ಉದ್ದ ತೋಳು ಅದನ್ನೇ ಮುಚ್ಚಿಬಿಟ್ಟಿತು.

ದೀಪಾವಳಿ ಕಳೆದ ಮೇಲೆ ದುಡ್ಡು ಹೊಂದಿಸಿ ರಿಪೇರಿ ಮಾಡಿಸಿದೆವು. ಮೇಸ್ತ್ರಿ ಮೊದಲು ಬಿರುಕಿನ ಎರಡೂ ತುದಿಗೆ ಒಂದೊಂದು ಸಣ್ಣ ತೂತು ಕೊರೆದರು. ಬಿರುಕನ್ನು ಮುಚ್ಚುವ ಬದಲು ತೂತು ಮಾಡುತ್ತಾರಲ್ಲ ಎಂದು ಕೇಳಿದೆ. "ಚೂಪಾದ ತುದೀಲೇ ಬಲ ಕೂರೋದು ಅಕ್ಕಾ. ದುಂಡಗೆ ಮಾಡಿದ್ರೆ ಬಿರುಕು ಮುಂದಕ್ಕೆ ಓಡಲ್ಲ" ಎಂದರು. ಆಮೇಲೆ ಬಿರುಕನ್ನು ಬುಡದವರೆಗೂ ಉಜ್ಜಿ, ಬೆಸುಗೆ ತುಂಬಿ, ಮೇಲೊಂದು ಉಕ್ಕಿನ ಪಟ್ಟಿ ಕೂರಿಸಿದರು. ತುಕ್ಕು ಹಿಡಿಯಬಾರದೆಂದು ಅದಕ್ಕೆ ಬಣ್ಣ ಬೇಕೇ ಬೇಕು. ಮಗ ಇಡೀ ಚಾಸಿಗೆ ಕರಿಬಣ್ಣ ಹೊಡೆಸಿ, ಆ ಪಟ್ಟಿಯೊಂದಕ್ಕೆ ಮಾತ್ರ ರೆಡ್ ಆಕ್ಸೈಡಿನ ಕೆಂಪು ಹಚ್ಚಿಸಿದ. ಬಗ್ಗಿ ನೋಡಿದವರಿಗೆಲ್ಲ ಕಾಣುತ್ತದೆ.

ಮೊನ್ನೆ ಅಣ್ಣನ ಹೊಲದಂಚಿನ ಬಂಡೆಗೆ ಹತ್ತಿಸಿದ. ನಾನೂ ಕೂತಿದ್ದೆ. ಜೀಪು ಒಂದು ಮಗ್ಗುಲಿಗೆ ವಾಲಿತು, ಕೆಳಗೆಲ್ಲೋ ಉಕ್ಕು ನರಳಿತು, ಮತ್ತೆ ನಿಧಾನವಾಗಿ ಮೇಲೇರಿತು. ಎದುರಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಎಡಗೈಯಲ್ಲಿ. ಸೆಕೆಗೆ ಗಿಡ್ಡ ತೋಳಿನ ರವಿಕೆಯೇ ಹಾಯಾಗಿತ್ತು.